ಹೆಪ್ಪು

ಕುದಿವ ಹಾಲಿಗೆ ಹೆಪ್ಪು ಹಾಕಬಾರದು,
ಉಗುರುಬೆಚ್ಚಗಾಗುವ ತನಕ ಕಾಯಬೇಕು ಎಂದಿದ್ದಳು ಅಮ್ಮ,
ಪ್ಸ್ಕೋವ್‌ನ ಅಡುಗೆಮನೆಯಲ್ಲಿ.
ಈ ದ್ರೂಕ್ಷೈ ಸರೋವರಕ್ಕೂ ಅದೇ ಲೆಕ್ಕ.
ಇಪ್ಪತ್ತಾರು ಚಳಿಗಾಲ
ಸ್ಥಾವರದ ಕಾಲುವೆ ಬಂದು ಸೇರುವಲ್ಲಿ
ಅದು ಹೆಪ್ಪುಗಟ್ಟಲೇ ಇಲ್ಲ.

ಪೈನ್ ಕಾಡೆಲ್ಲ ಬಿಳಿ ಕಂಬಳಿ ಹೊದ್ದಾಗ
ಇಲ್ಲೊಂದೆಡೆ ಆವಿ ಏಳುತ್ತಿತ್ತು,
ಯಾರೋ ಬಚ್ಚಲ ಹಂಡೆಯ ಮುಚ್ಚಳ ತೆಗೆದಿಟ್ಟು ಮರೆತ ಹಾಗೆ.
ಬಾತುಗಳು ದಕ್ಷಿಣದ ದಾರಿಯನ್ನೇ ಬಿಟ್ಟವು.
ಪಾಂತೆಲೈ ಜನವರಿಯಲ್ಲೂ ದಡದಲ್ಲಿ ಕೂತು ಗಾಳ ಬಿಡುತ್ತಿದ್ದ,
ಹಿಡಿದ ಮೀನನ್ನು ಮೊದಲು ನನಗೆ ತೋರಿಸುತ್ತಿದ್ದ:
'ಅಳೆದು ಹೇಳು, ಕಪಿತೊಲೀನಾ, ತಿನ್ನಲೋ ಬೇಡವೋ?'
ನನ್ನ ಕೆಲಸವೇ ಅಳೆಯುವುದು.

ಬೆಂಕಿಯಿಲ್ಲದೆ ಹೊಗೆಯಾಡದು, ಒಪ್ಪಿದೆ.
ಹೊಗೆಯಾಡದ ಬೆಂಕಿಯೂ ಇದೆ.
ಅದರ ಮುಚ್ಚಳದ ಮೇಲೆ ನಡೆದಿದ್ದೇನೆ,
ಬಟ್ಟೆಯ ಚಪ್ಪಲಿ ಹಾಕಿ, ಮಗು ಮಲಗಿದ ಕೋಣೆಯಲ್ಲಿ ನಡೆವಂತೆ.

ಅದಕ್ಕೊಬ್ಬಳು ಅಕ್ಕ ಇದ್ದಳು, ಚೆರ್ನೋಬಿಲ್‌ನಲ್ಲಿ.
ಒಂದು ರಾತ್ರಿ ಸಿಡಿದಳು.
ಆಮೇಲೆ ಬಂದವರೆಲ್ಲ ತಂಗಿಯ ಮುಖದಲ್ಲಿ ಅಕ್ಕನನ್ನೇ ಹುಡುಕಿದರು.
ತಂಗಿ ತಪ್ಪು ಮಾಡಲಿಲ್ಲ. ಮಾಡಲಾರಳೆಂದು
ಆಣೆಯಿಟ್ಟು ಹೇಳಲು ನನಗೂ ಬಾಯಿ ಬರಲಿಲ್ಲ.
ಮೈದುನ ಎಫೀಮ್ ಸಲಿಕೆ ಹಿಡಿದು ಅಲ್ಲಿಗೆ ಹೋದ.
ಬಂದವನ ಬೂಟನ್ನು ಹೊಸಿಲಲ್ಲೇ ಅಳೆದೆ.
ಸಂಖ್ಯೆ ಬರೆದುಕೊಂಡೆ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೊನೆಯ ಒಲೆ ಆರಿಸಿದ ದಿನ
ಹೊಸವರ್ಷಕ್ಕೆ ಇನ್ನೊಂದೇ ಗಂಟೆ.
ಪಂಪುಗಳ ಗುಂಯ್ ತಗ್ಗಿದ್ದು ಮೊದಲು ಕಿವಿಗೆ ಗೊತ್ತಾಯಿತು,
ಆಮೇಲೆ ಪಾದಕ್ಕೆ.
ಯಾರೋ ಶಾಂಪೇನ್ ತಂದಿದ್ದರು. ತೆರೆಯಲಿಲ್ಲ.
ಫೆಬ್ರವರಿಗೆ ಬಿಸಿನೀರಿನ ಬಿಲ್ಲು ಬಂತು,
ಊರ ಬಾಯ್ಲರಿಗೆ ಗಡಿಯಾಚೆಯ ಅನಿಲ ಬಂತು,
ಚಿಮಣಿಯ ತುದಿಯಲ್ಲಿ ಹೊಗೆ ಕಂಡಿತು.
ಹೊಗೆಗೆ ಯಾರೂ ಹೆದರಲಿಲ್ಲ.

ಈಗ ಟರ್ಬೈನನ್ನು ರೊಟ್ಟಿಯಂತೆ ತುಂಡು ಮಾಡಿದ್ದೇವೆ.
ಒಂದೊಂದೇ ತುಂಡು ನನ್ನ ಮೇಜಿಗೆ ಬರುತ್ತದೆ.
ಇದು ಶುದ್ಧ, ಗುಜರಿಗೆ.
ಇದು ಅಲ್ಲ, ಒಳಗೆ.
ಉರಿದು ಮುಗಿದ ಇಂಧನ ಬೇಲಿಯಾಚೆ
ಪೀಪಾಯಿಗಳಲ್ಲಿ ಸಾಲಾಗಿ ನಿಂತಿದೆ, ಬೂದಿ ಮುಚ್ಚಿದ ಕೆಂಡ.
ಅದಕ್ಕೆ ಆತುರವಿಲ್ಲ.

ಮಗಳು ಲಿಯಾನಾ ಪಶ್ಚಿಮದ ಕಡಲ ದಡದಲ್ಲಿ
ಗಾಳಿಗಂಬ ಹತ್ತಿ ಬೋಲ್ಟು ಬಿಗಿಯುತ್ತಾಳೆ.
ಅವಳ ಬಾಯಲ್ಲೂ ಅದೇ ಮಾತು: ಶುದ್ಧ.
ನನ್ನ ಶುದ್ಧಕ್ಕೆ ಒಂದು ಮುಳ್ಳು, ಒಂದು ಗೆರೆ.
ಅವಳದಕ್ಕೆ ಇಡೀ ಆಕಾಶ.
ನಿನ್ನೆ ರಾತ್ರಿ ಫೋನು: 'ಅಮ್ಮ, ನಾಲ್ಕು ದಿನದಿಂದ ಎಲೆ ಅಲ್ಲಾಡುತ್ತಿಲ್ಲ.'
ಇಲ್ಲಿ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ದೀಪವೇನೋ ಉರಿಯುತ್ತಿತ್ತು.
ಯಾವ ಊರಿನ ಏನನ್ನು ಸುಟ್ಟು ಎಂದು
ಇಬ್ಬರೂ ಎತ್ತಲಿಲ್ಲ.

ಹೋದ ವಾರ ಒಬ್ಬ ಹುಡುಗ ಬಂದ, ತೌತ್ವಿದಸ್,
ಕಂಕುಳಲ್ಲಿ ನಕ್ಷೆಯ ಸುರುಳಿ.
ಪುಟ್ಟ ಒಲೆಗಳಂತೆ, ಇದೇ ದಡದಲ್ಲಂತೆ, ಇನ್ನೂ ಬರೀ ಮಾತಂತೆ.
ಸರೋವರದ ಶಾಖ ಕೇಳಿದ, ಹಳೆಯ ತಂತಿ ಎಲ್ಲಿದೆ ಎಂದ,
ಕೆಲಸ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂದ.
ಬೆರಳು ಮಡಿಸಿದೆ. ಒಂದು ಕೈಯೇ ಸಾಕಾಯಿತು.
'ನೀವಾಗಿದ್ದರೆ ಮತ್ತೆ ಹಚ್ಚುತ್ತಿದ್ದಿರಾ?'

ನಾನು ಎದ್ದು ಕಿಟಕಿಯತ್ತ ಹೋದೆ.
ಈಗಂತೂ ಅಂಚಿನಿಂದ ಅಂಚಿಗೆ ಗಟ್ಟಿ ಮಂಜುಗಡ್ಡೆ.
ಪಾಂತೆಲೈ ನಡುವೆ ತೂತು ಕೊರೆದು ಡಬ್ಬದ ಮೇಲೆ ಕೂತಿದ್ದಾನೆ,
ಮೀನು ತೋರಿಸಲು ಬರುವುದು ಬಿಟ್ಟು ಎಷ್ಟೋ ಕಾಲವಾಯಿತು.

ಹಾಲೆಷ್ಟೇ ಒಳ್ಳೆಯದಿರಲಿ ತಾನಾಗಿ ಮೊಸರಾಗದು,
ಹಳೆಯದರಲ್ಲಿ ಒಂದು ಚಮಚ ಉಳಿಸಿರಬೇಕು,
ಉಳಿಸಿದ್ದು ಹುಳಿಯಾಗಿಯೇ ಇರಬೇಕು.
ಕಪಾಟಿನಿಂದ ಹನ್ನೊಂದು ದಿನಚರಿ ತೆಗೆದು ಅವನ ಮುಂದಿಟ್ಟೆ,
ಎಂಬತ್ತಾರರದ್ದೂ ಸೇರಿಸಿ,
ಅದರಲ್ಲಿ ಎಫೀಮನ ಬೂಟಿನ ಪುಟವೂ ಸೇರಿಸಿ.
ಹಚ್ಚುವ ಮುನ್ನ ಇದನ್ನು ಓದು, ಎಂದೆ.
ಹಚ್ಚದಿದ್ದರೂ ಓದು.